ಸುಣ್ಣದ ಲೆಕ್ಕ

ಗಾಂಧಿಬಜಾರಿನ ಹಿಂದಿನ ಓಣಿಯಲ್ಲಿ
ಮೂವತ್ತೆಂಟು ವರ್ಷ ಸುಣ್ಣ ಮಾರಿದ ದ್ಯಾವಕ್ಕ
ಈಗ ಮಂಗಳವಾರ, ಗುರುವಾರ, ಶನಿವಾರ
ನನ್ನ ಮೂರನೇ ನಂಬರ್ ಮೆಷಿನ್ನಿಗೆ ಬರುತ್ತಾಳೆ.
ರಕ್ತ ನಾಲ್ಕು ತಾಸು ಹೊರಗೆ ಸುತ್ತಿ ಬರುವಾಗ ಕೇಳುತ್ತಾಳೆ:
"ತಿರುಗಾಟ ಮುಗೀತೇನೋ ತಮ್ಮ ಅದರದ್ದು?"

ಅವಳ ಅಂಗಾಲಲ್ಲಿ ಒಂದು ಗಾಯ.
ಮಡಕೆಯ ಚೂರು ಚುಚ್ಚಿದ್ದು ಯುಗಾದಿಗೆ;
ದೀಪಾವಳಿ ಬಂದರೂ ಬಾಯಿ ಮುಚ್ಚಿಲ್ಲ.
ತಿಂಗಳಿಗೊಮ್ಮೆ ಚಳಿಜ್ವರ, ಮತ್ತೆ ಆಂಟಿಬಯೋಟಿಕ್,
ಮತ್ತೆ ಗಾಯ ತನ್ನ ಪಾಡಿಗೆ.
ಸಕ್ಕರೆ ಕಾಯಿಲೆ ಇಲ್ಲ. ಎರಡು ಸಲ ನೋಡಿದ್ದೇವೆ.

"ಪಿಟಿಎಚ್ ಕಳಿಸು" ಎಂದರು ಡಾಕ್ಟರ್ ಫಿರ್ದೌಸ್.
ನೇರಳೆ ಮುಚ್ಚಳದ ಟ್ಯೂಬು, ಥರ್ಮಾಕೋಲ್ ಪೆಟ್ಟಿಗೆ,
ನಮ್ಮ ಫ್ರಿಜ್ಜು ಕೆಟ್ಟಿತ್ತು, ಮೀನಂಗಡಿಯಿಂದ ಐಸು.
ಬೆಳಗಿನ ಬಸ್ಸಲ್ಲಿ ತೀರ್ಥಹಳ್ಳಿ ದಾಟಿ
ಆಗುಂಬೆಯ ತಿರುವುಗಳನ್ನೆಲ್ಲ ಇಳಿದು
ಮಣಿಪಾಲಕ್ಕೆ ಹೋಯಿತು ಅರ್ಧ ಚಮಚ ದ್ಯಾವಕ್ಕ.
ಅವಳು ಘಟ್ಟ ಇಳಿದವಳೇ ಅಲ್ಲ;
ಅವಳ ಸುಣ್ಣದ ಚಿಪ್ಪು ಮಾತ್ರ
ಅದೇ ದಾರಿಯಲ್ಲಿ ಮೂಟೆಮೂಟೆ ಹತ್ತಿ ಬರುತ್ತಿತ್ತು.

ಫೋನು ಬಂತು: ಸಾವಿರದ ಇನ್ನೂರ ನಲವತ್ತು.
ನಿಮ್ಮಲ್ಲಿ, ನನ್ನಲ್ಲಿ ಅರವತ್ತೈದರ ಒಳಗೆ.

ಥೈರಾಯ್ಡಿನ ಬೆನ್ನಿಗಂಟಿದ ನಾಲ್ಕು ಕಾಳು,
ಬೇಳೆಯಷ್ಟು ಇರಬೇಕಾದ್ದು, ಹುಣಸೆಬೀಜದಷ್ಟು ಊದಿವೆ.
ರಕ್ತದಲ್ಲಿ ಸುಣ್ಣ ಇಳಿದರೆ ಕೂಗುವುದು ಅವುಗಳ ಕೆಲಸ.
ಕೂಗಿದರೆ ಮೂಳೆ ತನ್ನದನ್ನು ಕೆರೆದು ಕೊಡುತ್ತದೆ.
ಕಿಡ್ನಿ ಸೋತ ಮೈಯಲ್ಲಿ ಕೂಗು ನಿಲ್ಲುವುದೇ ಇಲ್ಲ.
ರಕ್ತದ ಕಣ್ಣಿಗೆ ಬೆಣ್ಣೆ, ಮೂಳೆಯ ಕಣ್ಣಿಗೆ ಸುಣ್ಣ
ಎಂದೆ, ಜಾಣನ ಹಾಗೆ.
"ಮೂಳೆಗೆ ಸುಣ್ಣ ಬಿದ್ದಿದ್ರೆ ಒಳ್ಳೇದೇ ಆಗ್ತಿತ್ತಲ್ಲೋ" ಎಂದಳು.
ಗಾದೆ ನನ್ನ ಬಾಯಲ್ಲೇ ಮಗುಚಿಬಿತ್ತು.

ಕತ್ತಿನ ಕಾಳಿಗೂ ಕಾಲಿನ ಗಾಯಕ್ಕೂ ಏನು ನಂಟು?
ಡಾಕ್ಟರು ರೊಟ್ಟಿ ಮುರಿಯುತ್ತ ಹೇಳಿದರು:
ಆ ಕೂಗು ಬಿಳಿಕಣಗಳಿಗೂ ಕೇಳುತ್ತದೆ,
ಟಿ ಕಣಗಳಿಗೆ ಅದಕ್ಕೆಂದೇ ಕಿವಿ ಇದೆ.
ಅತಿಯಾದರೆ ಒಳಗೆಲ್ಲ ಸುಣ್ಣ ತುಂಬಿ
ಕ್ರಿಮಿ ಎದುರಿಗಿದ್ದರೂ ನುಂಗಲು ಮರೆಯುವ ಕಣಗಳುಂಟು;
ವಿನಾಕಾರಣ ರೊಚ್ಚಿಗೆದ್ದು
ಮೂಳೆ ಕರಗಿಸುವವರಿಗೇ ಪಂಜು ಹಿಡಿಯುವವೂ ಉಂಟು.
"ಉಂಟು ಅಂದರೆ?"
"ಇರಬಹುದು. ಇಲಿಯಲ್ಲಿ ನೋಡಿದ್ದಾರೆ, ಗಾಜಿನ ತಟ್ಟೆಯಲ್ಲಿ ನೋಡಿದ್ದಾರೆ.
ದ್ಯಾವಕ್ಕನೊಳಗೆ ಯಾರು ನೋಡಿದ್ದಾರೆ?"

ಇರಬಹುದು.
ವಿನೋಬನಗರದ ನಮ್ಮ ಬೀದಿಯಲ್ಲಿ ಒಂದು ಕಾರಿನ ಅಲಾರಂ
ಮೂರು ದಿನ ಅರಚಿತ್ತು.
ನಾಲ್ಕನೇ ರಾತ್ರಿ ನಿಜವಾಗಿ ಕಳ್ಳ ಬಂದ.
ಯಾರೂ ಕಿಟಕಿ ತೆಗೆಯಲಿಲ್ಲ. ನಾನೂ.

ಮೂರೂವರೆ ಕಾಳು ತೆಗೆದರು.
ಉಳಿದರ್ಧವನ್ನು ಸಣ್ಣಗೆ ಹೆಚ್ಚಿ
ಸೂಜಿ ಚುಚ್ಚದ ಕೈಯ ಮುಂದೋಳಲ್ಲಿ
ಸಸಿ ನೆಟ್ಟಂತೆ ನೆಟ್ಟರು.

ಅಂದು ರಾತ್ರಿಯೇ ಮೂಳೆಗಳು ಸಾಲ ವಸೂಲಿಗೆ ನಿಂತವು.
ವರ್ಷಗಟ್ಟಲೆ ಕೊಟ್ಟದ್ದನ್ನು ಒಂದೇ ಸಲಕ್ಕೆ ಕೇಳಿದವು.
ತುಟಿ ಜುಮ್ಮೆಂದಿತು, ಬೆರಳು ಕೊಕ್ಕೆಯಾದವು.
ನರಕ್ಕೆ ಹನಿಹನಿ ಕ್ಯಾಲ್ಸಿಯಂ, ಬಾಯಿಗೆ ಮಾತ್ರೆ.
ಒಂದನ್ನು ಅಗಿದು, ನಾಲಿಗೆಯ ಮೇಲೆ ತಿರುಗಿಸಿ,
"ಇದು ಚಿಪ್ಪಿಂದಲ್ಲ, ಕಲ್ಲಿಂದು" ಎಂದಳು,
ಗಿರಾಕಿಗೆ ಮೋಸವಾಯಿತೆಂಬ ಸಿಟ್ಟಿನಲ್ಲಿ.

ಗಾಯ?
ಸಂಕ್ರಾಂತಿಗೆ ಅಂಚು ಕೆಂಪಾಯಿತು, ಶಿವರಾತ್ರಿಗೆ ಮುಚ್ಚಿತು.
ಕಾಳು ತೆಗೆದದ್ದಕ್ಕೋ,
ಮೊಮ್ಮಗಳು ಕೊಡಿಸಿದ ಮೆತ್ತನೆ ಚಪ್ಪಲಿಗೋ,
ಡಾಕ್ಟರು ಫೈಲಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರು.
ಅದು ಇನ್ನೂ ಅಲ್ಲೇ ಇದೆ.

ಈ ಶನಿವಾರ ಮುಂದೋಳು ಚಾಚಿದಳು:
"ಇಲ್ಲಿ ಮುಟ್ಟು. ಕೂಗ್ತಿದೆಯಾ?"
ಮುಟ್ಟಿದೆ. ಚರ್ಮ, ಬಿಸಿ, ಒಂದು ಹಳೇ ಸುಟ್ಟ ಕಲೆ.
"ಮೆಲ್ಲಗೆ ಕೂಗ್ತಿದೆ" ಎಂದೆ.
"ಹಂಗೇ ಇರ್ಲಿ" ಎಂದು
ಆ ಕಡೆ ಮಗ್ಗುಲಾದಳು.